ಅತ್ತೆಯ ಕೊರಳಿನ ಮುತ್ತು

ಪುಂಡಿಸೊಪ್ಪಿನ ಎಲೆಗಳನ್ನು ದಂಟಿನಿಂದ ಬಿಡಿಸುತ್ತ ಪಡಸಾಲೆಯಲ್ಲಿ ಕೂತಿದ್ದೆ. ನನಗಾಗ ಹನ್ನೊಂದು ತುಂಬಿತ್ತೋ ಇಲ್ಲವೋ. ಒಂದು ಕಡೆ ಎಲೆಯ ಗುಡ್ಡೆ, ಇನ್ನೊಂದು ಕಡೆ ಕೆಂಪು ದಂಟಿನ ರಾಶಿ, ಉಗುರಿನ ಸಂದಿಯೆಲ್ಲ ಹುಳಿ. ಒಳಗೆ ಹುಲಿಗೆವ್ವತ್ತೆ ಒಂದು ಕಾಲು ಚಾಚಿ ಕೂತು ಜೋಳ ಬೀಸುತ್ತಿದ್ದಳು. ಹುಲಿಗೆವ್ವತ್ತೆ ಅಪ್ಪನ ಅಕ್ಕ, ನಮ್ಮ ಮನೆಯ ಯಜಮಾನಿ. ಅಮ್ಮ ಕಾಲುವೆಗೆ ಬಟ್ಟೆ ಒಗೆಯಲು ಹೋಗಿದ್ದಳು. ಆ ಹೊತ್ತಿಗೆ ನಮ್ಮ ಕ್ರೈಸ್ತ ಸಭೆಯ ಉಪದೇಶಿ ದೇವಪುತ್ರಪ್ಪನವರು ಬಾಗಿಲಲ್ಲಿ ಬಂದು ಕೆಮ್ಮಿದರು. ಒಳ್ಳೆಯ ಸುದ್ದಿ ಇದ್ದರೆ ಅವರು ಕೊಡೆಯನ್ನು ಮೂಲೆಗೆ ಒರಗಿಸಿ, ಕಾಲು ತೊಳೆದು ಕೂತು, ಮಜ್ಜಿಗೆ ಕುಡಿದ ಮೇಲೆ ಬಾಯಿ ಬಿಡುತ್ತಿದ್ದರು. ಅಂದು ಕೊಡೆ ಕಂಕುಳಲ್ಲೇ ಇತ್ತು.

"ಹುಲಿಗೆವ್ವಾ, ಬರೋ ಐತವಾರ ಪಾದ್ರಿ ಅಯ್ಯಾರು ಬಳ್ಳಾರಿಯಿಂದ ಬರ್ತಾರ. ದೀಕ್ಷಾಸ್ನಾನದ ಪಟ್ಟ್ಯಾಗ ನಿನ್ನ ಹೆಸರೂ ಸೇರೇತಿ. ಆದ್ರ ಹಿರೇರು ಒಂದು ಮಾತು ಕಟ್ಟ್ಯಾರ. ಕೊಳ್ಳಾಗಿನ ಮುತ್ತು ಹರಿದು ಬರಬೇಕು. ಇಲ್ಲಂದ್ರ ಹೆಸರು ಹೊಡೆದು ಹಾಕ್ತಾರ."

ಬೀಸುವ ಕಲ್ಲು ನಿಂತಿತು. ಆ ಮುತ್ತು ಅತ್ತೆಗೆ ಗುಡಿಯ ದೇವರ ಹೆಸರಲ್ಲಿ ಕಟ್ಟಿದ ತಾಳಿ. ಅತ್ತೆ ಗೂಟ ಬಿಡದೆ ಕೇಳಿದಳು:

"ಯಪ್ಪಾ, ನಮ್ಮ ಕಡೆ ಹೆಂಗಸು ತಾಳಿ ಯಾವಾಗ ಹರಕೋತಾಳ್ರಿ?"

"ಅದೇನು ಕೇಳ್ತಿ. ಗಂಡ ಸತ್ತಾಗ."

"ಹಂಗಾರ ಯಾವ ದೇವರು ಸತ್ತಾನ ಹೇಳ್ರಿ. ಗುಡ್ಯಾಗಿನ ದೇವರೋ, ನಿಮ್ಮ ದೇವರೋ? ಯಾರಾದ್ರೂ ಒಬ್ಬರು ಸತ್ತಿದ್ರ ಈಗ ಹರೀತೀನಿ."

ಉಪದೇಶಿಯವರು ನನ್ನ ಕಡೆ ನೋಡಿದರು. ನಾನು ದಂಟು ನೋಡಿದೆ. "ಮಾತು ಬೆಳಸಬ್ಯಾಡವ್ವಾ. ಐತವಾರದ ತನಕ ಯೋಚನಿ ಮಾಡು" ಎಂದು ಹೇಳಿ ಅವರು ಹೊರಟರು. ಕಲ್ಲು ಮತ್ತೆ ತಿರುಗಿತು, ಮೊದಲಿಗಿಂತ ಜೋರಾಗಿ.

ಇದನ್ನೆಲ್ಲ ಬರೆಯಬೇಡ ಎಂದು ನನ್ನ ಮಗಳು ಹೇಳುತ್ತಾಳೆ. ನಮ್ಮ ಮನೆತನದಲ್ಲಿ ದೇವರಿಗೆ ಬಿಟ್ಟ ಬಸವಿಯೊಬ್ಬಳಿದ್ದಳು ಎಂದು ನಾಲ್ಕು ಜನಕ್ಕೆ ಯಾಕೆ ತಿಳಿಯಬೇಕು, ಪ್ರಾರ್ಥನೆ ಕಲಿಸಿದ ತಾಯಿಯ ಬಗ್ಗೆ ಬರಿ, ಸಾಕು ಅನ್ನುತ್ತಾಳೆ. ನನಗೆ ಪ್ರಾರ್ಥನೆ ಕಲಿಸಿದ್ದು ಹುಲಿಗೆವ್ವತ್ತೆ. ಮಲಗುವ ಮುಂಚೆ ಆ ದಿನದ ಸಣ್ಣಪುಟ್ಟ ಉಪಕಾರಗಳನ್ನು ಬೆರಳ ಗೆಣ್ಣಿನಲ್ಲಿ ಎಣಿಸಿ, ಗೆಣ್ಣಿಗೊಂದು ಸಲ "ನಿನ್ನ ಋಣ" ಅನ್ನುವುದನ್ನು ಕಲಿಸಿದವಳು ಅವಳು. ರೊಟ್ಟಿ ಹರಿಯದೆ ಬಂದದ್ದು ಒಂದು, ಕಾಲುವೆಯಲ್ಲಿ ಕೊಡ ಜಾರದೆ ಇದ್ದದ್ದು ಒಂದು, ಹೀಗೆ. ನನ್ನ ಗೆಣ್ಣುಗಳು ಈಗ ಸೊಟ್ಟಗಾಗಿವೆ, ಎಣಿಕೆ ತಪ್ಪಿಲ್ಲ. ಆದ್ದರಿಂದ ಬರೆಯುತ್ತೇನೆ. ನಾಚಿಕೆಪಡಬೇಕಾದವರು ಬೇರೆ ಇದ್ದರು. ಅವರಲ್ಲಿ ಯಾರೂ ಕುತ್ತಿಗೆಗೆ ಗುರುತು ಕಟ್ಟಿಕೊಂಡು ತಿರುಗಲಿಲ್ಲ.

ನಮ್ಮದು ಹೊಸಪೇಟೆಯ ಕಾಲುವೆ ಕಡೆಯ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಓಣಿಯ ತುದಿಯಲ್ಲಿ ಕಬ್ಬಿನ ಗದ್ದೆ, ಅದರಾಚೆ ಬಾಳೆ. ಸಂಡೂರಿನ ಗುಡ್ಡದಿಂದ ಅದಿರು ತರುವ ಬಂಡಿಗಳು ಸ್ಟೇಷನ್ನಿಗೆ ಹೋಗುವಾಗ ಎದ್ದ ಕಪ್ಪು ಧೂಳು ನಮ್ಮ ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತಿತ್ತು, ಅಮ್ಮ ಬಂಡಿಯವರಿಗೆ ದಿನಾ ಬೈಯುತ್ತಿದ್ದಳು. ಅಪ್ಪ ಕಾಲುವೆಯ ನೀರುಗಂಟಿ. ಯಾರ ಗದ್ದೆಗೆ ಯಾವಾಗ ತೂಬು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಪಡಸಾಲೆ, ಅಡುಗೆಮನೆ, ಜೋಳ ತುಂಬುವ ಮಣ್ಣಿನ ವಾಡೆ ಇಟ್ಟ ಕತ್ತಲೆ ಕೋಣೆ, ಇಷ್ಟೇ ನಮ್ಮ ಅರಮನೆ. ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ ಇತ್ತು. ಅಪ್ಪ ಅಮ್ಮ ಕ್ರಿಸ್ತನ ಮಾರ್ಗಕ್ಕೆ ಸೇರಿದ ಮೇಲೆ ಅಲ್ಲಿದ್ದ ಹಳೆಯ ದೇವರುಗಳನ್ನು ತೆಗೆದು ಸತ್ಯವೇದವನ್ನು ಇಟ್ಟಿದ್ದರು. ಆಗ ಅತ್ತೆ ಸೇರಲಿಲ್ಲ. ಆದರೆ ದೇವರು ಬದಲಾದರೂ ಮಾಡದ ಮುಂದೆ ಸಂಜೆ ದೀಪ ಹಚ್ಚುವುದನ್ನು ಅವಳು ಬಿಡಲಿಲ್ಲ. ಪುಸ್ತಕಕ್ಕೆ ದೀಪ ಯಾಕೆ ಎಂದು ಉಪದೇಶಿಯವರು ಒಮ್ಮೆ ಕೇಳಿದರು. ಕತ್ತಲಲ್ಲಿ ನೀವು ಹೆಂಗ ಓದ್ತೀರಿ ಎಂದು ಅತ್ತೆ ಕೇಳಿದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಮನೆ ಅತ್ತೆಯದು. ಅದು ಹೇಗೆಂದರೆ, ತಾತನಿಗೆ ಗಂಡುಮಕ್ಕಳು ಹುಟ್ಟಿ ಹುಟ್ಟಿ ತೀರಿಕೊಂಡವು. ಉಳಿದದ್ದು ಇವಳೊಬ್ಬಳು. ಗಂಡಿಲ್ಲದ ಮನೆಯ ದೀಪ ಆರಬಾರದೆಂದು ನಮ್ಮ ಕುಲದಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಮಗಳನ್ನು ದೇವರಿಗೆ ಮದುವೆ ಮಾಡಿ, ಬಸವಿ ಎಂದು ಹೆಸರಿಟ್ಟು, ತವರಿನಲ್ಲೇ ಉಳಿಸಿಕೊಳ್ಳುವುದು. ಅವಳಿಗೆ ಗಂಡುಮಗನ ಹಕ್ಕೆಲ್ಲ ಬರುತ್ತದೆ. ಮನೆ ಬರುತ್ತದೆ, ಅಪ್ಪನ ಚಿತೆಗೆ ಬೆಂಕಿ ಇಡುವ ಕೆಲಸವೂ ಬರುತ್ತದೆ. ಮದುವೆಗೆ ಒಬ್ಬ ಗಂಡು ಮಾತ್ರ ಬರುವುದಿಲ್ಲ. ಕಂಪ್ಲಿ ಹಾದಿಯ ಒಂದು ಗುಡಿಯಲ್ಲಿ ಒಂಬತ್ತು ವರ್ಷದ ಅತ್ತೆಯನ್ನು ಕಂಬಳಿಯ ಮೇಲೆ ಕೂರಿಸಿ, ತುದಿಗೆ ಲಿಂಬೆಹಣ್ಣು ಚುಚ್ಚಿದ ಕತ್ತಿಯೊಂದನ್ನು ಬಲಗೈಗೆ ಕೊಟ್ಟು ನೆಟ್ಟಗೆ ಹಿಡಿಸಿದರಂತೆ. ಆ ಕತ್ತಿಯೇ ವರ. ಪೂಜಾರಿ ಕರಿಮಣಿ, ಬಿಳಿ ಮುತ್ತು, ನಡುವೆ ಚಿನ್ನದ ಬೊಟ್ಟು ಪೋಣಿಸಿದ ದಾರವನ್ನು ಕೊರಳಿಗೆ ಕಟ್ಟಿದ. ಇದನ್ನು ಮುತ್ತು ಕಟ್ಟುವುದು ಅನ್ನುತ್ತಿದ್ದರು. ಅತ್ತೆಗೆ ನೆನಪಿದ್ದದ್ದು ತೋಳು ಸೋತದ್ದು, ಲಿಂಬೆಹಣ್ಣಿನ ರಸ ಮೊಣಕೈವರೆಗೆ ಇಳಿದದ್ದು. ನಂತರದ ವರ್ಷಗಳಲ್ಲಿ ದೇವರ ಹೆಸರು ಹೇಳಿಕೊಂಡು ಮನುಷ್ಯರು ಬಂದರು, ಹೋದರು. ಅದನ್ನು ಅವಳು ನನಗೆ ಹೇಳಲಿಲ್ಲ, ನಾನೂ ಊಹಿಸಿ ಬರೆಯುವುದಿಲ್ಲ. ಮುತ್ತು ಕಟ್ಟಿದ ಎರಡೇ ವರ್ಷಕ್ಕೆ ಅಜ್ಜಿಗೆ ನನ್ನ ಅಪ್ಪ ಹುಟ್ಟಿದ. ಗಟ್ಟಿಮುಟ್ಟಾಗಿ ಬದುಕಿದ.

ಅತ್ತೆ ನಮ್ಮ ಪ್ರಾರ್ಥನಾ ಮಂದಿರಕ್ಕೆ ಬರತೊಡಗಿದ್ದು ಆ ಸುದ್ದಿ ಬರುವ ಎರಡು ವರ್ಷ ಮುಂಚೆ. ಒಳಗೆ ಬರುತ್ತಿರಲಿಲ್ಲ. ಮುತ್ತು ಕಟ್ಟಿಕೊಂಡವಳು ಒಳಗೆ ಕೂತರೆ ಬೇರೆ ಹೆಂಗಸರು ಚಾಪೆ ಬಿಟ್ಟು ಏಳುತ್ತಾರೆ ಎಂದು ಹಿರಿಯರೊಬ್ಬರು ಸೂಚನೆ ಕೊಟ್ಟಿದ್ದರು. ಬಾಗಿಲ ಹೊರಗೆ ಎರಡು ಕಲ್ಲಿನ ಮೆಟ್ಟಿಲಿದ್ದವು, ಜನ ಚಪ್ಪಲಿ ಬಿಡುವ ಜಾಗ. ಮೇಲಿನ ಮೆಟ್ಟಿಲ ಮೇಲೆ ಚಪ್ಪಲಿಗಳನ್ನು ಸರಿಸಿ ಅವಳು ಕೂರುತ್ತಿದ್ದಳು. ಒಳಗಿದ್ದ ನಾವು ನಿದ್ದೆ ಮಾಡುತ್ತಿದ್ದೆವು. ಅವಳು ಹೊರಗೆ ಒಂದಕ್ಷರ ಬಿಡದೆ ಕೇಳುತ್ತಿದ್ದಳು. ಆ ವರ್ಷ ಉಪದೇಶಿಯವರು ದೇವರಿಗೂ ಅವನ ಜನರಿಗೂ ಇರುವ ಸಂಬಂಧ ಗಂಡ ಹೆಂಡಿರ ಸಂಬಂಧ ಎಂಬುದನ್ನೇ ಹಿಡಿದು ತಿಂಗಳುಗಟ್ಟಲೆ ಪ್ರಸಂಗ ಮಾಡಿದರು. ಅವರು ಹೇಳುತ್ತಿದ್ದ ಸತ್ಯವೇದದ ಕಥೆ ಇದು: ಹುಟ್ಟಿದ ದಿನವೇ ಹೊಲದಲ್ಲಿ ಬಿಸಾಡಿದ ಹೆಣ್ಣುಕೂಸು. ಹೊಕ್ಕಳು ಕೊಯ್ದವರಿಲ್ಲ, ನೀರು ಹಾಕಿದವರಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ದೇವರು ನೋಡಿ ಬದುಕು ಅಂದ. ಬೆಳೆದ ಮೇಲೆ ತನ್ನ ಹೊದಿಕೆಯ ಅಂಚನ್ನು ಅವಳ ಮೇಲೆ ಹಾಸಿ ತನ್ನವಳನ್ನಾಗಿ ಮಾಡಿಕೊಂಡ. ಅವಳು ಅವನನ್ನು ಬಿಟ್ಟು ಯಾರುಯಾರ ಹಿಂದೆಯೋ ಹೋದಳು. ಅವನು ಕೋಪ ಮಾಡಿಕೊಂಡ, ಆದರೆ ಸಂಬಂಧ ಹರಿಯಲಿಲ್ಲ. ಹಿಂದೆ ಹೋಗಿ ಕರೆದುಕೊಂಡು ಬಂದ. ಇದನ್ನು ಹೇಳುವಾಗ ಉಪದೇಶಿಯವರ ಧ್ವನಿ ಚೆನ್ನಾಗಿ ಏರುತ್ತಿತ್ತು.

ನಮ್ಮ ಸೀಮೆಯಲ್ಲಿ ದೇವರಿಗೆ ಮದುವೆ ಎಂದರೆ ಯಾರಿಗೂ ಹೊಸದಲ್ಲ. ಹಂಪಿಯಲ್ಲಿ ವರ್ಷಾ ವರ್ಷಾ ಆಗುತ್ತದೆ, ಊರೆಲ್ಲ ನಡೆದು ಹೋಗಿ ನೋಡಿ ಬರುತ್ತಿತ್ತು. ಆದರೆ ಮಂದಿರದಿಂದ ಬರುವ ದಾರಿಯಲ್ಲಿ ಅತ್ತೆ ನನ್ನ ಕೈ ಹಿಡಿದು ಹೇಳಿದ್ದು ಬೇರೆ:

"ಅಲ್ಲಿ ದೇವರ ಹೆಂಡ್ತಿ ದೇವಿ. ಬಂಗಾರದ ಮೂಗುತಿ, ರೇಷ್ಮಿ ಸೀರಿ. ಇಲ್ಲಿ ನೋಡಲೇ ಸುಂದ್ರಿ, ಇವನ ಹೆಂಡ್ತಿ ನಮ್ಮಂಥಾಕಿ. ದಾರಿ ತಪ್ಪಿದಾಕಿ. ಮಂದಿ ಬಾಯಿಗೆ ಬಿದ್ದಾಕಿ. ಆದ್ರೂ ನನ್ನಾಕಿ ಅಂತಾನ. ನನಗೂ ಸಣ್ಣಾಕಿದ್ದಾಗ ನಿನ್ನ ಗಂಡ ದೇವರು ಅಂದಿದ್ರು. ಹೇಳಿದವ್ರು ಒಬ್ಬರೂ ನಂಬಿರಲಿಲ್ಲ. ನಾ ನಂಬಿದ್ದೆ."

ಎರಡು ವರ್ಷ ಆ ಮೆಟ್ಟಿಲ ಮೇಲೆ ಕೂತ ಮೇಲೆ ಒಂದು ದಿನ ತಾನಾಗಿಯೇ ಉಪದೇಶಿಯವರ ಹತ್ತಿರ ಹೋಗಿ ದೀಕ್ಷಾಸ್ನಾನ ಕೇಳಿದಳು. ಅದಕ್ಕೆ ಬಂದ ಉತ್ತರವೇ ನಾನು ಸೊಪ್ಪು ಬಿಡಿಸುವಾಗ ಕೇಳಿದ್ದು.

ಆ ದಿನ ಸಂಜೆಯ ಊಟಕ್ಕೆ ಪುಂಡಿಪಲ್ಯ, ಬಿಸಿ ರೊಟ್ಟಿ, ಹಸಿ ಉಳ್ಳಾಗಡ್ಡಿ. ಎಷ್ಟೋ ಮನೆಯಲ್ಲಿ ಆ ಹೊತ್ತು ಅದೂ ಇರಲಿಲ್ಲ, ಅದನ್ನೂ ಎಣಿಸಬೇಕು. ಅಪ್ಪನಿಗೆ ಸುದ್ದಿ ಕಾಲುವೆಯ ಮೇಲೇ ತಲುಪಿತ್ತು. ಬರುವ ಭಾನುವಾರ ಪಾದ್ರಿ ಅಯ್ಯ ಅಪ್ಪನನ್ನೂ ಸಭೆಯ ಹಿರಿಯನನ್ನಾಗಿ ನೇಮಿಸುವ ಮಾತಿತ್ತು. ಹೊಸ ಅಂಗಿ ಹೊಲಿಸಿದ್ದ. ಅಪ್ಪನ ಹೊಸ ಹೆಸರು ಸಮುವೇಲ. ಅತ್ತೆ ಮಾತ್ರ ಹಳೆಯ ಹೆಸರಿನಲ್ಲೇ ತಿಮ್ಮ ಎಂದು ಕರೆಯುತ್ತಿದ್ದಳು.

"ಅಕ್ಕಾ, ಒಂದು ದಾರ. ಹರಿದು ಒಗದ್ರ ಮುಗೀತು. ಹಟ ಯಾಕ?"

"ನೀ ಹುಟ್ಟಿದ ದಿನ ನಾ ಅಪ್ಪನ್ನ ಕೇಳಿದ್ದೆ ತಿಮ್ಮಾ. ಗಂಡುಮಗ ಬಂದನಲ್ಲಾ, ಇನ್ನ ಇದನ್ನ ಬಿಚ್ಚಲಾ ಅಂತ. ನಾ ಆಗ ಇವಳಷ್ಟಿದ್ದೆ." ಅತ್ತೆ ನನ್ನನ್ನು ತೋರಿಸಿದಳು. "ಅಪ್ಪ ಪೂಜಾರಿನ್ನ ಕೇಳಿದ. ದೇವರು ಅನ್ನೋ ಗಂಡ ಸಾಯಾಂಗಿಲ್ಲ, ಕಟ್ಟಿದ್ದು ಬಿಚ್ಚಾಂಗಿಲ್ಲ ಅಂದ್ರು. ಬಿಚ್ತೀನಿ ಅಂದಾಗ ಬಿಚ್ಚಬ್ಯಾಡ ಅಂದ್ರಿ. ಈಗ ಇರ್ಲಿ ಅಂತೀನಿ, ಬಿಚ್ಚು ಅಂತೀರಿ. ಕೊಳ್ಳು ಯಾರದು?"

"ಅದು ಸುಳ್ಳು ದೇವರದು. ಉಪದೇಶಿಯವ್ರು ಅದನ್ನ ಹೇಳೋದು. ಮತ್ತ ಪ್ರಸಂಗದಾಗ ಹೇಳಿದ ಮದುವಿ ಒಂದು ಹೆಂಗಸಿನ ಮಾತಲ್ಲ. ಅದು ಸಭೆಯ ಮಾತು."

"ಸಭಾ ಅಂದ್ರ ಯಾರು? ಚಾಪ್ಯಾ? ಗ್ವಾಡ್ಯಾ?"

"ಕಂಪ್ಲ್ಯಾಗ ಒಬ್ಬರು ಹಿರೇರು ಅದಾರ. ಹೆಂಡ್ತಿ ತೀರ್ಕೊಂಡು ವರ್ಷ ಆತು. ಬೇಕಂದ್ರ ಹೊಸಾ ತಾಳಿ ಅವರು..."

"ಯಾರು, ಕನ್ನಡಕ ಹಣೀ ಮ್ಯಾಲ ಇಟಗೊಂಡು ಮನಿಯೆಲ್ಲಾ ಕನ್ನಡಕ ಹುಡಕ್ತಾನಲ್ಲ, ಅಂವಾ? ಹೆಂಡ್ತಿ ಇದ್ದಾಗ ಆಕಿನ್ನ ಕಂಡಿದ್ದಿಲ್ಲ, ನನ್ನ ಹೆಂಗ ಕಾಣ್ತಾನ?"

ನನಗೆ ನಗು ತಡೆಯಲಾಗಲಿಲ್ಲ. ಅಪ್ಪ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಅಮ್ಮ ತಲೆ ಎತ್ತದೆ ಉಣ್ಣುತ್ತಿದ್ದಳು. ಅಮ್ಮನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವಳು ಆ ಮನೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ವಾಡೆಯ ಕೋಣೆಯ ಬೀಗದ ಕೈ ಇನ್ನೂ ಅತ್ತೆಯ ಸೊಂಟದಲ್ಲಿತ್ತು. ಜೋಳ ಬೇಕಾದರೆ ಅತ್ತೆಯನ್ನು ಕೇಳಬೇಕು, ಬೆಲ್ಲ ಬೇಕಾದರೆ ಅತ್ತೆಯನ್ನು ಕೇಳಬೇಕು. ಮೊಸರು ಕಡೆಯುವುದು, ಕಸ ಗುಡಿಸುವುದು, ನನ್ನ ತಲೆ ಬಾಚುವುದು, ಯಾವುದರಲ್ಲೂ ಅವರಿಬ್ಬರಿಗೆ ಒಮ್ಮತವಿರಲಿಲ್ಲ. ನನ್ನ ಒಂದು ಜಡೆಯನ್ನು ಒಬ್ಬಳು, ಇನ್ನೊಂದನ್ನು ಇನ್ನೊಬ್ಬಳು ಹೆಣೆದ ದಿನಗಳಿದ್ದವು. ಅತ್ತೆಯ ಹೆಸರು ಪಟ್ಟಿಯಿಂದ ಬಿದ್ದರೆ ಅಮ್ಮನಿಗೆ ಒಳಗೊಳಗೇ ಸಂತೋಷವೇ ಆದೀತು ಎಂದು ನಾನು ತಿಳಿದಿದ್ದೆ.

ಶನಿವಾರ ಸಂಜೆ ಅಪ್ಪ ಎಲ್ಲಿಂದಲೋ ಒಂದು ಹೊಸ ಕತ್ತರಿ ತಂದು ಮಾಡದಲ್ಲಿ ಪುಸ್ತಕದ ಪಕ್ಕ ಇಟ್ಟ. ಅತ್ತೆ ದೀಪ ಹಚ್ಚಲು ಬಂದಳು, ಕತ್ತರಿ ನೋಡಿದಳು. ದೀಪ ಹಚ್ಚಿದ ಮೇಲೆ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಅಲುಗು ಮುಟ್ಟಿ ನೋಡಿದಳು. ಅಪ್ಪ ಕಟ್ಟೆಯ ಮೇಲೆ ಕೂತು ಬೇರೆ ಕಡೆ ನೋಡುವಂತೆ ನಟಿಸುತ್ತಿದ್ದ. ಅತ್ತೆ ನನ್ನನ್ನು ಕರೆದು, ಮಾರನೆಯ ದಿನಕ್ಕೆ ಇಟ್ಟಿದ್ದ ನನ್ನ ಲಂಗದ ಅಂಚನ್ನು ಹೊಲಿದು, ಕೊನೆಯ ದಾರವನ್ನು ಆ ಕತ್ತರಿಯಿಂದ ಕತ್ತರಿಸಿದಳು.

"ಚಲೋ ಐತಿ ತಿಮ್ಮಾ. ಮೆತ್ತಗ ಕಡೀತೈತಿ."

ಕತ್ತರಿ ಮತ್ತೆ ಪುಸ್ತಕದ ಪಕ್ಕಕ್ಕೆ ಹೋಯಿತು. ಅಪ್ಪ ಆ ಸಂಜೆ ಮತ್ತೆ ಒಳಗೆ ಬರಲಿಲ್ಲ.

ಭಾನುವಾರ ಅತ್ತೆ ಬಿಳಿ ಸೀರೆ ಉಡಲಿಲ್ಲ. ದೀಕ್ಷಾಸ್ನಾನಕ್ಕೆ ಎಲ್ಲರೂ ಬಿಳಿ ಉಡುತ್ತಿದ್ದರು. ನಮ್ಮಲ್ಲಿ ಬಿಳಿ ವಿಧವೆಯರದ್ದು, ಅದನ್ನೂ ಬೇಡ ಅಂದಳು. ಇಳಕಲ್ಲಿನ ಹಳೆಯ ಹಸಿರು ಸೀರೆ ಉಟ್ಟು, ಮುತ್ತನ್ನು ಸೆರಗಿನ ಮೇಲೆ ಕಾಣುವಂತೆ ಹಾಕಿಕೊಂಡು ಹೊರಟಳು. ಮಂದಿರ ಒಂದೇ ಕೋಣೆ. ಎಡಕ್ಕೆ ಹೆಂಗಸರ ಚಾಪೆ, ಬಲಕ್ಕೆ ಗಂಡಸರ ಚಾಪೆ, ಮುಂದೆ ಮೇಜಿನ ಮೇಲೆ ಕಂಚಿನ ಬಟ್ಟಲಲ್ಲಿ ನೀರು. ಪಾದ್ರಿ ಅಯ್ಯ ಬೇರೆ ದೇಶದವರು, ವಯಸ್ಸಾಗಿತ್ತು, ಪುಸ್ತಕದಲ್ಲಿ ಅಚ್ಚಾದಂಥ ಕನ್ನಡ ಮಾತಾಡುತ್ತಿದ್ದರು. ಅವರು ಒಂದೊಂದೇ ಹೆಸರು ಕರೆಯುತ್ತ ಬಂದರು. ಹೆಸರು ಕರೆದಾಗ ಜನ ಮುಂದೆ ಹೋಗಿ ಮೊಣಕಾಲೂರಿ ಬರುತ್ತಿದ್ದರು. ಅತ್ತೆಯ ಹೆಸರು ಬಂತು. ಅತ್ತೆ ಮೆಟ್ಟಿಲ ಮೇಲೆ ಎದ್ದು ನಿಂತಳು. ಉಪದೇಶಿಯವರು ಪಾದ್ರಿಯ ಕಿವಿಯಲ್ಲಿ ಏನೋ ಹೇಳಿದರು.

"ಅಮ್ಮಾ, ನಿನ್ನ ಕೊರಳಲ್ಲಿ ಧರಿಸಿರುವುದನ್ನು ತೆಗೆದುಹಾಕುವಿಯೋ?"

"ಇಲ್ರಿ."

"ಅದು ವಿಗ್ರಹದ ಗುರುತಲ್ಲವೇ?"

"ಕಟ್ಟಿದವ್ರಿಗೆ ವಿಗ್ರಹದ್ದು ಇರಬೌದ್ರಿ. ಕಟ್ಟಿಸಿಕೊಂಡಾಕಿ ನಾನು. ನಾ ದೇವರ ಹೆಂಡ್ತಿ ಅಂತ ಕೂಸಿದ್ದಾಗ ಮಾತು ಕೊಟ್ಟೀನಿ. ಅವನ ಹೆಸರು ತಪ್ಪು ಹೇಳಿಕೊಟ್ಟಿದ್ರು, ಈಗ ಖರೇ ಹೆಸರು ಗೊತ್ತಾತು. ಮಾತು ಅದ ಐತಿ."

ಹಿರಿಯರ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಅಪ್ಪ ಹೊಸ ಅಂಗಿಯ ಗುಂಡಿ ಹಿಡಿದುಕೊಂಡು ಚಾಪೆಯ ಹುಲ್ಲು ನೋಡುತ್ತಿದ್ದ. ಪಾದ್ರಿ ಅಯ್ಯ ಪಟ್ಟಿಯತ್ತ ಕಣ್ಣು ಇಳಿಸಿ ಮುಂದಿನ ಹೆಸರು ಕರೆಯಲು ಬಾಯಿ ತೆರೆದರು. ಆಗ ನನ್ನ ಪಕ್ಕದಿಂದ ಅಮ್ಮ ಎದ್ದಳು.

"ಅಯ್ಯಾರ, ನಂದೊಂದು ಮಾತು."

"ಏ, ಕುಂದ್ರು" ಎಂದ ಅಪ್ಪ.

"ಹದಿನಾಕು ವರ್ಷ ಕುಂತೀನಿ." ಅಮ್ಮ ಅವನ ಕಡೆ ತಿರುಗಲಿಲ್ಲ. ತನ್ನ ತಾಳಿಯನ್ನು ರವಿಕೆಯೊಳಗಿಂದ ಹೊರಗೆಳೆದು ಅಂಗೈಯಲ್ಲಿ ಹಿಡಿದಳು. "ನಂದು ಕಟ್ಟಿಸಿದ್ದು ಯಾರು ಕೇಳ್ರಿ. ಅಕ್ಕನ ಮುತ್ತು ಕಟ್ಟಿದ ಅದ ಪೂಜಾರಿ. ಅದ ಗುಡಿ, ಅವ ಮಂತ್ರ, ಅವ ಅಕ್ಕಿಕಾಳು. ನಾ ಸ್ನಾನ ತೊಗೊಂಡ ದಿನ ಯಾರೂ ಇದನ್ನ ಹರಿ ಅನ್ಲಿಲ್ಲ. ಈ ಚಾಪಿ ಮ್ಯಾಲ ಕುಂತಾವ್ರ ಅರ್ಧ ಮಂದೀದು ಹಂಗ ಕಟ್ಟಿದ್ದು. ಸುಳ್ಳು ದೇವರ ಮುಂದ ಕಟ್ಟಿದ್ದು ಸುಳ್ಳು ಅಂದ್ರ, ನಾ ಈ ಮನಷ್ಯಾನ ಹೆಂಡ್ತಿ ಅಲ್ಲ. ಈ ಕೂಸು ಯಾರದು? ನಂದು ಖರೇ ಅಂದ್ರ ಆಕಿದೂ ಖರೇ. ನನ್ನ ತಾಳಿ ಹಿಂದ ಒಬ್ಬ ಗಂಡಸು ಅದಾನ ಅಂತ ಬಿಟ್ರಿ. ಆಕಿದರ ಹಿಂದ ದೇವರು ಅದಾನ ಅಂದ್ರ ನಿಮಗ ಸಾಲವಲ್ದು. ಕತ್ತರಿ ತರಸ್ರಿ. ಹರದ್ರ ಎಲ್ಲಾರದೂ ಹರೀರಿ, ಇಲ್ಲಂದ್ರ ಯಾರದೂ ಬ್ಯಾಡ."

ಇಷ್ಟು ಉದ್ದ ಅಮ್ಮ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಅಮ್ಮ ನನ್ನ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದಳು. ಅತ್ತೆ ಜಾಗ ಮಾಡಿದಳು. ಮೂವರೂ ಚಪ್ಪಲಿಗಳ ನಡುವೆ ಕೂತೆವು. ಒಳಗಿಂದ ಇನ್ನಿಬ್ಬರು ಮುದುಕಿಯರು ಒಬ್ಬರ ಹೆಗಲು ಒಬ್ಬರು ಹಿಡಿದು ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತರು. ಬಂದವರು ಇಬ್ಬರೇ. ಉಳಿದ ಹೆಂಗಸರು ಸೆರಗಿನೊಳಗೆ ಕೈ ಹಾಕಿ ತಮ್ಮ ತಾಳಿ ಮುಟ್ಟಿ ನೋಡಿಕೊಳ್ಳುತ್ತ ಅಲ್ಲೇ ಕೂತಿದ್ದರು. ಅವರನ್ನು ನಾನು ಬೈಯುವುದಿಲ್ಲ. ಒಳಗೆ ಕೀರ್ತನೆ ನಡೆಯಿತು, ನಾವೂ ಹೊರಗಿನಿಂದ ಹಾಡಿದೆವು. ಅತ್ತೆಯ ರಾಗ ಯಾವಾಗಲೂ ಒಂದು ಹೆಜ್ಜೆ ಹಿಂದೆ. "ಅಕ್ಕಾ, ಜಲ್ದಿ ಹಾಡ್ರಿ" ಎಂದಳು ಅಮ್ಮ. "ಅವ್ರ ಮೆಲ್ಲಕ ಹಾಡ್ಲಿ" ಎಂದಳು ಅತ್ತೆ.

ಆರಾಧನೆ ಮುಗಿದ ಮೇಲೆ ಜನ ಏಳುವ ಮುಂಚೆಯೇ ಪಾದ್ರಿ ಅಯ್ಯ ಕಂಚಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದರು. ಉಪದೇಶಿಯವರು ಹಿಂದೆಯೇ ಓಡಿಬಂದರು.

"ಅಮ್ಮಾ, ನಿನಗೆ ಇಲ್ಲಿಯೇ ದೀಕ್ಷಾಸ್ನಾನ ಕೊಡುತ್ತೇನೆ. ಒಳಗಿರುವವರಿಗೂ ನೋವಾಗಬಾರದು" ಎಂದರು ಪಾದ್ರಿ ಅಯ್ಯ.

ನನಗೆ ಎದೆ ಹಗುರಾಯಿತು. ಬಯಸಿದ್ದು ಕಾಲಬುಡಕ್ಕೆ ಬಂದು ನಿಂತಿದೆ, ತಲೆ ಬಗ್ಗಿಸಿದರೆ ಆಯಿತು. ಅತ್ತೆ ಎದ್ದು ನಿಂತಳು. ತಲೆ ಬಗ್ಗಿಸಲಿಲ್ಲ.

"ನಿಮ್ಮ ಮನಸು ದೊಡ್ಡದ್ರಿ ಅಯ್ಯಾರ. ಆದ್ರ ಬ್ಯಾಡ. ಆ ಗುಡ್ಯಾಗೂ ನನ್ನ ಒಳಗ ಬಿಡಲಿಲ್ಲ. ಹೊರಗಿನ ಕಂಬದ ಹಂತ್ಯಾಕ ಕುಂದರಿಸಿ ಕಟ್ಟಿದ್ರು. ಎರಡನೇ ಸಲಾನೂ ಹೊರಗ ನಿಂತು ಆಗಾಂಗಿಲ್ಲ. ಹೆಂಡ್ತಿ ಅಂದಮ್ಯಾಲ ಮನಿ ಒಳಗ ಕರಕೋಬೇಕು. ಇವತ್ತು ಆಗಂಗಿಲ್ಲಾಂದ್ರ ಮುಂದಿನ ಸಲ ಬಂದಾಗ ನೋಡ್ರಿ. ನಾ ಎಲ್ಲಿಗೂ ಹೋಗಾಂಗಿಲ್ಲ, ಇಲ್ಲೇ ಕುಂತಿರ್ತೀನಿ."

"ಹುಲಿಗೆವ್ವಾ, ಅಯ್ಯಾರು ತಾವಾಗಿ ಬಂದಾರ" ಎಂದರು ಉಪದೇಶಿ.

"ನಾನೂ ನಾನಾಗೇ ಬಂದೀನ್ರಿ."

ಪಾದ್ರಿ ಅಯ್ಯ ಬಟ್ಟಲಲ್ಲಿದ್ದ ನೀರನ್ನು ನೋಡಿದರು. ಅವರು ಏನು ಯೋಚಿಸಿದರೋ ನನಗೆ ಇಂದಿಗೂ ತಿಳಿಯದು. ಅವರು ಯಾರಿಗೂ ವಿವರಿಸಲಿಲ್ಲ. ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬಟ್ಟಲಿನಿಂದಲೇ ಒಳಗಿನ ದಾರಿ ತೋರಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಬಲಗಾಲು ಮುಂದಿಟ್ಟು ಒಳಗೆ ಹೋದಳು. ಆಗಲೇ ನಾಲ್ಕೈದು ಮನೆಯವರು ಎದ್ದು ಅವಳನ್ನು ಮುಟ್ಟದ ಹಾಗೆ ಗೋಡೆ ಒತ್ತಿಕೊಂಡು ಹೊರಗೆ ನಡೆದರು. ಅವಳು ಯಾರನ್ನೂ ನೋಡಲಿಲ್ಲ. ಮೂರು ಸಲ ನೀರು ಬಿತ್ತು. ತಲೆಯಿಂದ ಇಳಿದು ಮುತ್ತಿನ ಮೇಲೆ ಹಾದು ಹಸಿರು ಸೀರೆಗೆ ಸೇರಿತು. ಉಪದೇಶಿಯವರು ಪಟ್ಟಿಯಲ್ಲಿ ರೂತಮ್ಮ ಎಂದು ಹೊಸ ಹೆಸರು ಬರೆದಿದ್ದರು, ಅದನ್ನೇ ಕೂಗಿದರು. ಅತ್ತೆ ಬೇಡ ಅನ್ನಲಿಲ್ಲ. ಆದರೆ ಸಾಯುವವರೆಗೆ ಆ ಹೆಸರು ಹಿಡಿದು ಕರೆದರೆ ಅವಳು ಹಿಂದಿರುಗಿ ನೋಡಿದವಳಲ್ಲ.

ಅಪ್ಪನನ್ನು ಹಿರಿಯನನ್ನಾಗಿ ನೇಮಿಸುವ ಮಾತನ್ನು ಅಂದು ಯಾರೂ ಎತ್ತಲಿಲ್ಲ, ಮುಂದೆಯೂ ಎತ್ತಲಿಲ್ಲ. ಹೊರಗೆ ಹೋದ ಮನೆಗಳವರು ಬಹಳ ಕಾಲ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ಅವರಲ್ಲಿ ಇಬ್ಬರ ಮಕ್ಕಳು ನಂತರ ನನ್ನ ಕೈಯ ಊಟ ಉಂಡರು, ಅದೂ ಎಣಿಕೆಗೆ ಸೇರುತ್ತದೆ. ಅತ್ತೆ ತೀರಿಕೊಂಡಾಗ ಮುತ್ತು ಕೊರಳಲ್ಲೇ ಇತ್ತು. ತೆಗೆಯಲೇ ಎಂದು ಯಾರೂ ಅಮ್ಮನನ್ನು ಕೇಳುವ ಧೈರ್ಯ ಮಾಡಲಿಲ್ಲ. ಹಾಗೇ ಮಣ್ಣಿಗಿಟ್ಟೆವು. ಈಗಲೂ ಕೆಲವರು ಅದು ತಪ್ಪು ಅನ್ನುತ್ತಾರೆ. ಅನ್ನಲಿ. ಅವಳು ಹೋದ ಮನೆಯ ಬಾಗಿಲಲ್ಲಿ ಕೊರಳು ನೋಡುವವರು ಇವರಲ್ಲ.

ಆ ಭಾನುವಾರ ನಾವು ಮೂವರೂ ಮನೆಗೆ ಬರುವಾಗ ಬಿಸಿಲು ನೆತ್ತಿಯ ಮೇಲಿತ್ತು. ಅತ್ತೆ ಒದ್ದೆ ಸೀರೆಯಲ್ಲೇ ಅಡುಗೆಮನೆಗೆ ಹೋದಳು. ಅಮ್ಮ ಗಡಿಗೆಯೊಳಗೆ ಇಣುಕಿ, ಬೆಳಿಗ್ಗೆ ಮಜ್ಜಿಗೆ ಮುಚ್ಚದೆ ಬಂದವರು ಯಾರು ಎಂದು ಕೇಳಿದಳು. ನೀನೇ ಎಂದು ಅತ್ತೆ ಹೇಳಿದಳು. ಅದರ ಮೇಲೆ ಇಬ್ಬರಿಗೂ ಜೋರು ಮಾತಾಯಿತು. ಎಲ್ಲ ಮುಗಿದು ಬಹಳ ಹೊತ್ತಾದ ಮೇಲೆ ಅಪ್ಪ ಬಂದ. ಬಾಗಿಲಲ್ಲೇ ನಿಂತ. ಅಂಗಿಯ ಗುಂಡಿ ಒಂದು ಕಿತ್ತುಹೋಗಿತ್ತು.

"ಸಮಾಧಾನ ಆತಾ ಅಕ್ಕಾ?"

"ನನಗ ಆತು. ನಿನಗ ಹಸಿವಿ ಆಗೇತಿ. ಕೈಕಾಲು ತೊಳಕೊಂಡು ಕುಂದ್ರು."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಬಚ್ಚಲ ಕಡೆ ಹೋದ ಸದ್ದು ಕೇಳಿಸಿತು. ಅತ್ತೆ ನನ್ನ ಕಡೆ ತಿರುಗಿ, "ಲೇ ಸುಂದ್ರಿ, ಏನ್ ನೋಡಕೋತ ನಿಂತಿ. ಒಲಿ ಆರೇತಿ" ಎಂದಳು. ನಾನು ಮೊರ ತಂದು ಬೂದಿಯನ್ನು ಅದಕ್ಕೆ ಎಳೆದುಕೊಂಡು, ಹೊಸ ಕಟ್ಟಿಗೆ ಒಟ್ಟಿ, ಊದುಗೊಳವೆಗೆ ಬಾಯಿ ಇಟ್ಟೆ.